ಜಾಹೀರಾತು ಹೇಳಿದ್ದೇನು, ನಮಗೆ ಕೇಳಿಸಿದ್ದೇನು? ಮನವೊಲಿಕೆ ಮತ್ತು ಪ್ರಚಾರತಂತ್ರಗಳನ್ನು ತರಗತಿಯಲ್ಲಿ ಕಲಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಶಾಲೆಗಳಲ್ಲಿ ಜಾಹೀರಾತಿನ ಪಾಠ ಅಂದರೆ ಹೆಚ್ಚಾಗಿ ‘ಜಾಹೀರಾತು: ವರವೋ ಶಾಪವೋ’ ಎಂಬ ಚರ್ಚಾಸ್ಪರ್ಧೆ. ಪರ ನಿಂತವರು ಮಾಹಿತಿ ಸಿಗುತ್ತದೆ ಅನ್ನುತ್ತಾರೆ. ವಿರೋಧ ನಿಂತವರು ಬರೀ ಮೋಸ ಅನ್ನುತ್ತಾರೆ. ಚಪ್ಪಾಳೆ, ಪ್ರಮಾಣಪತ್ರ, ಬೆಲ್. ಸಂಜೆ ಅದೇ ಮಕ್ಕಳು ಅಂಗಡಿಗೆ ಹೋಗಿ ‘25% ಹೆಚ್ಚುವರಿ’ ಅಂತ ಬರೆದ ಪ್ಯಾಕೆಟ್ಟನ್ನೇ ಎತ್ತಿಕೊಳ್ಳುತ್ತಾರೆ. ಯಾವುದಕ್ಕಿಂತ ಹೆಚ್ಚುವರಿ ಅಂತ ಒಬ್ಬರೂ ಕೇಳುವುದಿಲ್ಲ.

ಆ ಪ್ರಶ್ನೆ ತಾನಾಗಿ ಬಾಯಿಗೆ ಬರುವಂತೆ ಮಾಡುವುದು ಹೇಗೆ ಅನ್ನುವುದಷ್ಟೇ ಇಲ್ಲಿಯ ವಿಷಯ. ತಂತ್ರಗಳ ಹೆಸರು ಬಾಯಿಪಾಠ ಮಾಡಿಸಿದರೆ ಸಾಲದು. ಜಾಹೀರಾತು ಅಕ್ಷರದಲ್ಲಿ ಹೇಳಿದ್ದು ಒಂದು, ನೋಡಿದವರಿಗೆ ಕೇಳಿಸಿದ್ದು ಇನ್ನೊಂದು. ಈ ಎರಡರ ನಡುವೆ ಎಷ್ಟು ಜಾಗ ಇದೆ ಅಂತ ಮಗು ತಾನೇ ಅಳೆಯಬೇಕು. ತಂತ್ರಗಳೆಲ್ಲ ಕೆಲಸ ಮಾಡುವುದು ಆ ಜಾಗದಲ್ಲೇ.

8ನೇ ತರಗತಿಯಿಂದ ಪಿಯುಸಿವರೆಗೆ ಇದು ಹೊಂದುತ್ತದೆ. ಕನ್ನಡ ಮೇಷ್ಟ್ರು, ಸಮಾಜ ವಿಜ್ಞಾನದ ಟೀಚರ್, ಯಾರು ಬೇಕಾದರೂ ಮಾಡಿಸಬಹುದು. ಎಂಟು ಪೀರಿಯಡ್ ಸಿಕ್ಕರೆ ಆರಾಮ. ನಾಲ್ಕೇ ಸಿಕ್ಕರೆ 2, 3, 4 ಮತ್ತು 7ನೇ ಹೆಜ್ಜೆ ಮಾಡಿಸಿ, ಉಳಿದದ್ದು ಬಿಡಿ.

ಮೊದಲು ಸಾಮಗ್ರಿ

ಪ್ರೊಜೆಕ್ಟರ್ ಬೇಕಾಗಿಲ್ಲ. ಹಳೆಯ ಪತ್ರಿಕೆಗಳು, ಬಿಸ್ಕತ್ತಿನ ಖಾಲಿ ಕವರುಗಳು, ಬಸ್ ನಿಲ್ದಾಣದಲ್ಲಿ ಹಂಚುವ ಕರಪತ್ರಗಳು, ಊರಿನ ಫ್ಲೆಕ್ಸ್‌ಗಳ ಫೋಟೋ ಸಾಕು. ಪ್ರತಿ ಮಗು ಎರಡು ತರಲಿ: ಒಂದು ಇಷ್ಟವಾದದ್ದು, ಇನ್ನೊಂದು ಕಿರಿಕಿರಿ ಮಾಡಿದ್ದು. ಇಷ್ಟವಾದದ್ದೇ ಪಾಠಕ್ಕೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಬೇಡದ ಜಾಹೀರಾತನ್ನು ಟೀಕಿಸುವುದಕ್ಕೆ ಯಾರ ಸಹಾಯವೂ ಬೇಕಿಲ್ಲ, ಅಲ್ವಾ?

ಒಂದು ಎಚ್ಚರಿಕೆ. ಹೈಸ್ಕೂಲ್ ಹುಡುಗರಲ್ಲಿ ಯಾರೋ ಒಬ್ಬ ಬೇಕಂತಲೇ ರೈಲ್ವೆ ಗೋಡೆಯ ಮೇಲಿನ ‘ಗುಪ್ತ ರೋಗ’ದ ಜಾಹೀರಾತನ್ನು ತಂದೇ ತರುತ್ತಾನೆ. ಗದರಬೇಡಿ. ಅಂಥ ಪವಾಡದ ಔಷಧಿಗಳ ಜಾಹೀರಾತಿಗೆ ಕಡಿವಾಣ ಹಾಕಲು ನಮ್ಮ ದೇಶದಲ್ಲಿ 1954ರಿಂದಲೇ ಕಾನೂನಿದೆ ಅಂತ ಹೇಳಿ, ಕಾಗದ ತೆಗೆದಿಟ್ಟು ಮುಂದೆ ಹೋಗಿ. ನಗು ಅಲ್ಲಿಗೇ ನಿಲ್ಲುತ್ತದೆ.

ನಿಮ್ಮ ಕಡೆಯಿಂದ ಒಂದು ಒಳ್ಳೆಯ ಪ್ರಚಾರವನ್ನೂ ಸೇರಿಸಿ. ಪಲ್ಸ್ ಪೋಲಿಯೊ ಸರಿಯಾಗಿ ಹೊಂದುತ್ತದೆ. ಅಮಿತಾಭ್ ಬಚ್ಚನ್ ಬಂದು ಎರಡು ಹನಿ ಹಾಕಿಸಿ ಅಂದರು, ಹಾಕಿಸದವರನ್ನು ಗದರಿದರು. ಖ್ಯಾತಿ, ಭಯ, ತಾಯ್ತನದ ಭಾವನೆ ಎಲ್ಲವೂ ಅದರಲ್ಲಿತ್ತು. ಮನೆಮನೆಗೆ ಹೋದ ಕಾರ್ಯಕರ್ತರ ದುಡಿಮೆಯ ಜೊತೆ ಆ ಪ್ರಚಾರವೂ ಸೇರಿತ್ತು. 2014ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಪೋಲಿಯೊಮುಕ್ತ ಎಂದು ಪ್ರಮಾಣೀಕರಿಸಿತು. ಮನವೊಲಿಸುವುದೇ ತಪ್ಪು ಅನ್ನುವ ಭಾವನೆ ಮಕ್ಕಳಲ್ಲಿ ಬೇರು ಬಿಡದಿರಲು ಇಂಥದ್ದೊಂದು ಕಟ್ಟಿನಲ್ಲಿರಲೇಬೇಕು.

ಹೆಜ್ಜೆ 1: ನೋಡುವುದು, ಬರೀ ನೋಡುವುದು

ಮೊದಲ ಪೀರಿಯಡ್‌ನಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ಒಂದು ಜಾಹೀರಾತನ್ನು ಗುಂಪಿಗೆ ಕೊಟ್ಟು, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಲು ಹೇಳಿ. ಯಾವ ಬಣ್ಣ ಜಾಸ್ತಿ? ಎಷ್ಟು ಜನ ಇದ್ದಾರೆ? ಅವರು ಎಲ್ಲಿ ನೋಡುತ್ತಿದ್ದಾರೆ? ಮನೆ ಎಂಥದ್ದು? ಎಲ್ಲಕ್ಕಿಂತ ದೊಡ್ಡ ಅಕ್ಷರ ಯಾವುದು, ಚಿಕ್ಕದು ಯಾವುದು? ‘ಮೋಸ’, ‘ಚೆನ್ನಾಗಿದೆ’ ಅನ್ನುವ ಪದ ಬಂದರೆ ಹೊಡೆದು ಹಾಕಿ.

ಮಕ್ಕಳಿಗೆ ಇದು ಮೊದಲು ಬೋರ್ ಅನಿಸುತ್ತದೆ. ಆಗ ನಾಲ್ಕೈದು ಕೈಗಡಿಯಾರದ ಜಾಹೀರಾತು ತೋರಿಸಿ ಗಂಟೆ ಎಷ್ಟು ಅಂತ ಕೇಳಿ. ಬಹುತೇಕ ಎಲ್ಲದರಲ್ಲೂ ಹತ್ತು ಗಂಟೆ ಹತ್ತು ನಿಮಿಷದ ಆಸುಪಾಸು. ಮುಳ್ಳುಗಳು ಎರಡೂ ಕಡೆ ಸಮನಾಗಿ ಮೇಲೆದ್ದು, ಮಧ್ಯದ ಕಂಪನಿ ಹೆಸರು ಮುಚ್ಚಿಹೋಗುವುದಿಲ್ಲ. ಇಷ್ಟು ಸಣ್ಣ ವಿಷಯವನ್ನೂ ಯಾರೋ ಕೂತು ತೀರ್ಮಾನ ಮಾಡಿದ್ದಾರೆ ಅಂತ ಗೊತ್ತಾದ ಕೂಡಲೇ ತರಗತಿ ಚುರುಕಾಗುತ್ತದೆ.

ಪೊಟ್ಟಣಗಳನ್ನೂ ಹೀಗೇ ನೋಡಿಸಿ. ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ಎಲ್ಲರ ಮನೆಯಲ್ಲೂ ಕಂಡದ್ದೇ. ಅಂಡಾಕಾರದ ಸೋಪು, ಅದಕ್ಕೆ ಒಡವೆ ಪೆಟ್ಟಿಗೆಯಂಥ ಡಬ್ಬಿ, ಮೇಲೆ ಆನೆಯ ತಲೆ ಸಿಂಹದ ಮೈಯ ಶರಭ. ಸೋಪು ಒಳ್ಳೆಯದು ಅಂತ ಒಂದು ಪದವೂ ಓದುವ ಮೊದಲೇ ‘ಇದು ಬೆಲೆಬಾಳುವುದು’ ಅಂತ ಡಬ್ಬಿ ಹೇಳಿಬಿಟ್ಟಿದೆ.

ಹೆಜ್ಜೆ 2: ಎರಡು ಕಾಲಂ

ಇಡೀ ಪಾಠದ ಬೆನ್ನೆಲುಬು ಇದು. ಬೋರ್ಡಿನ ಮಧ್ಯೆ ಒಂದು ಗೆರೆ. ಎಡಕ್ಕೆ ‘ಹೇಳಿದ್ದು’, ಬಲಕ್ಕೆ ‘ಕೇಳಿಸಿದ್ದು’.

ಒಂದು ತಲೆಯೆಣ್ಣೆಯ ಸಾಲು ತೆಗೆದುಕೊಳ್ಳಿ. ಬ್ರ್ಯಾಂಡ್ ಯಾವುದಾದರೂ ಇರಲಿ, ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ‘ಕೂದಲು ಉದುರುವುದನ್ನು 90%ವರೆಗೆ ಕಡಿಮೆ ಮಾಡಲು ನೆರವಾಗುತ್ತದೆ*’. ಏನು ಕೇಳಿಸಿತು ಅಂತ ಕೇಳಿ. ‘ಹಚ್ಚಿದರೆ ಕೂದಲು ಉದುರುವುದು 90% ನಿಲ್ಲುತ್ತೆ’ ಅಂತ ಇಡೀ ತರಗತಿ ಹೇಳುತ್ತದೆ. ಬಲಗಡೆ ಬರೆಯಿರಿ.

ಈಗ ಎಡಗಡೆ, ಪದ ಪದ ಬಿಡಿಸಿ. ‘90%ವರೆಗೆ’ ಅಂದರೆ 90 ಆಗಬಹುದು, 2 ಕೂಡ ಆಗಬಹುದು. ‘ನೆರವಾಗುತ್ತದೆ’ ಅಂದರೆ ಕೆಲಸ ಮಾಡುವುದು ಬೇರೆ ಯಾವುದೋ, ಎಣ್ಣೆ ಬರೀ ಜೊತೆಗಿರುತ್ತದೆ. ಕೊನೆಯಲ್ಲಿ ಒಂದು ನಕ್ಷತ್ರ. ಅದರ ಬೆನ್ನು ಹಿಡಿದು ಕೆಳಗೆ ಹೋದರೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ತುಂಡಾಗಿ ಉದುರುವ ಕೂದಲಿಗೆ ಮಾತ್ರ’ ಅಂತ ಇರುತ್ತದೆ. ಬುಡದಿಂದ ಉದುರುವ ಕೂದಲಿನ ಬಗ್ಗೆ ಎಣ್ಣೆ ಏನೂ ಹೇಳಿಯೇ ಇಲ್ಲ! ಅಮ್ಮ ದುಡ್ಡು ಕೊಟ್ಟದ್ದು ಮಾತ್ರ ಅದಕ್ಕೇ.

ಹೀಗೆ ಕೈಗೆ ಸಿಗದೆ ಜಾರುವ ಪದಗಳನ್ನು ‘ನುಣುಚು ಪದ’ ಅಂತ ಕರೆದು ಗೋಡೆಯ ಮೇಲೆ ಒಂದು ಪಟ್ಟಿ ಬೆಳೆಸಿ. ವರೆಗೆ, ನೆರವಾಗುತ್ತದೆ, ‘ಕೇವಲ ಇಷ್ಟರಿಂದ ಆರಂಭ’, ‘ಬಾದಾಮಿಯ ಶಕ್ತಿಯೊಂದಿಗೆ’, ‘ತಜ್ಞರ ಮೆಚ್ಚುಗೆ’, ‘ನಂಬರ್ 1’. ದಿನಾ ಒಬ್ಬರಾದರೂ ಹೊಸದೊಂದು ತಂದು ಸೇರಿಸುತ್ತಾರೆ.

ಎಡ ಕಾಲಂ ತುಂಬುವಾಗ ಮಕ್ಕಳು ಮತ್ತೆ ಮತ್ತೆ ಬಲಕ್ಕೆ ಜಾರುತ್ತಾರೆ. ಆಗ ಒಂದೇ ಪ್ರಶ್ನೆ ಹಾಕಿ: ‘ನಾಳೆ ಕೋರ್ಟಿನಲ್ಲಿ ನಿಲ್ಲಿಸಿದರೆ ಕಂಪನಿ ಯಾವ ಮಾತಿಗೆ ಹೊಣೆ?’ ಉತ್ತರ ಎಷ್ಟೋ ಸಲ ‘ಯಾವುದಕ್ಕೂ ಇಲ್ಲ’.

ಮನೆಗೆಲಸಕ್ಕೆ ಸೈಟು, ಫ್ಲ್ಯಾಟಿನ ಜಾಹೀರಾತು ಒಳ್ಳೆಯದು. ‘ಏರ್‌ಪೋರ್ಟ್‌ಗೆ ಕೇವಲ 15 ನಿಮಿಷ’ ಅಂತ ಇದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಮ್ಯಾಪ್ ತೆರೆದು ನೋಡಿ ಬರಲಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಅಚ್ಚಾಗಿದೆಯೇ ಅಂತಲೂ ಹುಡುಕಲಿ. ಬೆಂಗಳೂರಿನ ಮಕ್ಕಳು ಇದನ್ನು ಮಾಡಿ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಹೆಜ್ಜೆ 3: ಏಳು ವರಸೆಗಳು

1937ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರಚಾರ ವಿಶ್ಲೇಷಣೆಗೆಂದೇ ಒಂದು ಸಂಸ್ಥೆ ಹುಟ್ಟಿತು. ಹಣ ಕೊಟ್ಟದ್ದು ಎಡ್ವರ್ಡ್ ಫೈಲೀನ್ ಎಂಬ ವ್ಯಾಪಾರಿ, ನಡೆಸಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಲೈಡ್ ಮಿಲ್ಲರ್. ಆಗ ಯುರೋಪಿನಲ್ಲಿ ಹಿಟ್ಲರನ ಅಬ್ಬರ. ಜನ ಮಾತಿಗೆ ಮರುಳಾಗುವುದು ಹೇಗೆ ಅನ್ನುವುದನ್ನು ಈ ಸಂಸ್ಥೆ ಏಳು ವರಸೆಗಳಾಗಿ ವಿಂಗಡಿಸಿ ಶಾಲೆಗಳಿಗೆ ಕಳಿಸಿತು. ಅಮೆರಿಕ ತಾನೇ ಯುದ್ಧಕ್ಕೆ ಇಳಿದ ಹೊತ್ತಿಗೆ, 1942ರಲ್ಲಿ, ಬಾಗಿಲು ಹಾಕಿತು. ಸ್ವಂತ ಸರ್ಕಾರವೇ ಪ್ರಚಾರಕ್ಕೆ ನಿಂತ ಮೇಲೆ ಇಂಥ ಸಂಸ್ಥೆ ಯಾರಿಗೆ ತಾನೆ ಬೇಕು? ಪಿಯುಸಿ ಮಕ್ಕಳಿಗೆ ಈ ಕಥೆಯನ್ನು ಪೂರ್ತಿ ಹೇಳಿ.

ಏಳಕ್ಕೂ ನಮ್ಮ ಮಾತಿನ ಹೆಸರೇ ಸಾಕು.

ಹಣೆಪಟ್ಟಿ ಕಟ್ಟುವುದು: ಎದುರಾಳಿಗೆ, ಇಲ್ಲವೇ ಗಿರಾಕಿಯ ಈಗಿನ ಸ್ಥಿತಿಗೇ ಕೆಟ್ಟ ಹೆಸರಿಡುವುದು. ಸೋಪಿನ ಪುಡಿಯ ಜಾಹೀರಾತಿನ ‘ಮಾಮೂಲಿ ಪುಡಿ’ ಇದೇ. ಇದರ ದೊಡ್ಡ ಉದಾಹರಣೆ ಕಪ್ಪು ಮೈಬಣ್ಣವನ್ನೇ ಕೊರತೆ ಮಾಡಿದ ಕ್ರೀಮುಗಳು. ‘ಫೇರ್ ಅಂಡ್ ಲವ್ಲಿ’ 1975ರಲ್ಲಿ ಮಾರುಕಟ್ಟೆಗೆ ಬಂತು. 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾದ ಮೇಲೆ ಜಾಹೀರಾತಿನ ಕಥೆಯೂ ಬದಲಾಯಿತೇ ಅಂತ ಮಕ್ಕಳೇ ಎರಡನ್ನೂ ಇಟ್ಟು ನೋಡಲಿ. ಆದರೆ ಜೋಪಾನ. ಈ ಉದಾಹರಣೆ ಎತ್ತಿದಾಗ ತರಗತಿಯ ಕಣ್ಣೆಲ್ಲ ಒಂದು ಮಗುವಿನ ಕಡೆ ತಿರುಗಬಾರದು. ಹಾಗಾಗುವ ಸೂಚನೆ ಇದ್ದರೆ ಇದನ್ನು ಬಿಟ್ಟು ಸೋಪಿನ ಪುಡಿಯಲ್ಲೇ ಮುಗಿಸಿ.

ಬಣ್ಣದ ಮಾತು: ಶುದ್ಧ, ಸಂಪ್ರದಾಯ, ಅಜ್ಜಿಯ ಕೈರುಚಿ, ವಿಶ್ವದರ್ಜೆ. ಕೇಳಲು ಹಿತ, ಅಳೆಯಲು ಆಗದು. ಜಾಸ್ತಿ ವಿವರಿಸಬೇಕಿಲ್ಲ.

ಹೂವಿನಿಂದ ನಾರೂ ಸ್ವರ್ಗಕ್ಕೆ: ಒಂದರ ಗೌರವವನ್ನು ಇನ್ನೊಂದಕ್ಕೆ ಅಂಟಿಸುವುದು. ಸಿಮೆಂಟಿನ ಹಿಂದೆ ತ್ರಿವರ್ಣ, ಟೂತ್‌ಪೇಸ್ಟ್ ಹಿಡಿದವರಿಗೆ ಬಿಳಿ ಕೋಟು. ಆ ಕೋಟಿನೊಳಗೆ ಇರುವವರು ಡಾಕ್ಟರೋ ಮಾಡೆಲ್ಲೋ? ಇದರ ತಲೆಕೆಳಗಾದ ಆಟ ಬದಲಿ ಜಾಹೀರಾತು. ಮದ್ಯ, ತಂಬಾಕಿನ ಜಾಹೀರಾತಿಗೆ ಅವಕಾಶವಿಲ್ಲ. ಹಾಗಾಗಿ ಅದೇ ಹೆಸರು, ಅದೇ ಬಣ್ಣ, ಅದೇ ಸಂಗೀತ ಇಟ್ಟುಕೊಂಡು ಸೋಡಾವನ್ನೋ ಏಲಕ್ಕಿಯನ್ನೋ ತೋರಿಸುತ್ತಾರೆ. ‘ಒಂದು ಏಲಕ್ಕಿ ಮಾರುವುದಕ್ಕೆ ಮೂರು ಮೂರು ಸಿನಿಮಾ ಸ್ಟಾರ್ ಯಾಕೆ?’ ಅಂತ ಕೇಳಿ ಸುಮ್ನೆ ನಿಂತುಬಿಡಿ. ಉತ್ತರ ಕೊನೆಯ ಬೆಂಚಿನಿಂದಲೇ ಬರುತ್ತದೆ.

ದೊಡ್ಡವರ ಸಾಕ್ಷಿ: ಇಲ್ಲಿ ಒಂದು ಇಡೀ ಪೀರಿಯಡ್ ಖರ್ಚು ಮಾಡಿ. ಕರ್ನಾಟಕದಲ್ಲೇ ಎರಡು ಒಳ್ಳೆಯ ಪ್ರಕರಣಗಳಿವೆ. ಡಾ. ರಾಜ್‌ಕುಮಾರ್ ನಂದಿನಿ ಹಾಲಿನ ಜಾಹೀರಾತಿಗೆ ಸಂಭಾವನೆ ಪಡೆಯದೆ ನಿಂತರು. ಆಮೇಲೆ ಪುನೀತ್ ಕೂಡ ಹಾಗೇ ಮಾಡಿದರು. ಇನ್ನೊಂದು ಕಡೆ, 2025ರ ಮೇ ತಿಂಗಳಲ್ಲಿ ಸರ್ಕಾರಿ ಸಂಸ್ಥೆಯಾದ ಕೆಎಸ್‌ಡಿಎಲ್ ಮೈಸೂರು ಸ್ಯಾಂಡಲ್‌ಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿತು. ಕನ್ನಡದವರು ಸಿಗಲಿಲ್ಲವೇ ಎಂದು ಗಲಾಟೆಯಾಯಿತು. ಕರ್ನಾಟಕದ ಹೊರಗಿನ ಮಾರುಕಟ್ಟೆ ಹಿಡಿಯಬೇಕು, ಅದಕ್ಕೆ ಈ ಆಯ್ಕೆ ಎಂದು ಸಚಿವ ಎಂ.ಬಿ. ಪಾಟೀಲ ಸಮರ್ಥಿಸಿಕೊಂಡರು.

ಮಕ್ಕಳು ತಕ್ಷಣ ಭಾಷೆಯ ಜಗಳಕ್ಕೆ ಇಳಿಯುತ್ತಾರೆ. ಐದು ನಿಮಿಷ ಬಿಡಿ, ಆಮೇಲೆ ಮೂರು ಪ್ರಶ್ನೆಗೆ ಎಳೆದು ತನ್ನಿ. ಸಾಕ್ಷಿ ಹೇಳುವವರಿಗೆ ಆ ವಸ್ತುವಿನ ವಿಷಯ ಗೊತ್ತಿದೆಯೇ? ಹೇಳಿದ್ದಕ್ಕೆ ಅವರಿಗೆ ಏನು ಸಿಗುತ್ತದೆ? ಅವರನ್ನು ತೆಗೆದು ಬೇರೆಯವರನ್ನು ಇಟ್ಟರೆ ವಸ್ತುವಿನಲ್ಲಿ ಏನಾದರೂ ಬದಲಾಗುತ್ತದೆಯೇ? ಮೂರನೆಯ ಪ್ರಶ್ನೆಗೆ ರಾಜ್‌ಕುಮಾರ್ ವಿಷಯದಲ್ಲೂ ಉತ್ತರ ‘ಇಲ್ಲ’ ಅಂತಲೇ. ಕಾಸು ಪಡೆಯದವರ ಸಾಕ್ಷಿ ಪ್ರಾಮಾಣಿಕವಾಗಿರಬಹುದು, ಆದರೂ ಹಾಲಿನ ಕೊಬ್ಬಿನಂಶ ಎಷ್ಟು ಅಂತ ಅದು ಹೇಳುವುದಿಲ್ಲ. ಅಭಿಮಾನಿ ಹುಡುಗರು ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ, ಇಡೀ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ.

ನಿಮ್ಮ ಮನೆ ಮಗ: ನಾನೂ ನಿಮ್ಮವನೇ ಅನ್ನುವುದು. ಕೋಟ್ಯಧಿಪತಿ ನಟ ಗೂಡಂಗಡಿಯಲ್ಲಿ ಟೀ ಕುಡಿಯುತ್ತಾರೆ, ಅಭ್ಯರ್ಥಿ ಚುನಾವಣೆಗೆ ಮುಂಚೆ ದೋಸೆ ಹುಯ್ಯುತ್ತಾರೆ. ಮಕ್ಕಳೇ ಹತ್ತು ಉದಾಹರಣೆ ಕೊಡುತ್ತಾರೆ.

ಬೇಕಾದ್ದು ಮುಂದೆ, ಬೇಡಾದ್ದು ಹಿಂದೆ: ಹೇಳಿದ್ದೆಲ್ಲ ನಿಜ, ಆದರೆ ಅರ್ಧ ಮಾತ್ರ. ಏಳರಲ್ಲಿ ನನ್ನ ಪ್ರಕಾರ ಅತಿ ಅಪಾಯದ್ದು ಇದೇ, ಯಾಕೆಂದರೆ ಸುಳ್ಳನ್ನು ಹುಡುಕುವ ಕಣ್ಣಿಗೆ ಇದು ಬೀಳುವುದಿಲ್ಲ. ಬ್ರಿಟನ್ನಿನಲ್ಲಿ ಕೋಲ್ಗೇಟ್ ‘80%ಕ್ಕಿಂತ ಹೆಚ್ಚು ದಂತವೈದ್ಯರು ಕೋಲ್ಗೇಟ್ ಶಿಫಾರಸು ಮಾಡುತ್ತಾರೆ’ ಎಂದಿತ್ತು. ಕೇಳಿಸಿದ್ದು ಏನು? ಉಳಿದ ಎಲ್ಲ ಕಂಪನಿಗೂ ಸೇರಿ 20% ಅಂತ. ಆದರೆ ಸಮೀಕ್ಷೆಯಲ್ಲಿ ವೈದ್ಯರು ಒಂದಕ್ಕಿಂತ ಹೆಚ್ಚು ಪೇಸ್ಟಿನ ಹೆಸರು ಹೇಳಬಹುದಿತ್ತು. ಇನ್ನೊಂದು ಕಂಪನಿಗೂ ಹೆಚ್ಚುಕಮ್ಮಿ ಅಷ್ಟೇ ಮತ ಬಿದ್ದಿತ್ತು. 2007ರಲ್ಲಿ ಅಲ್ಲಿನ ಜಾಹೀರಾತು ಮಾನದಂಡ ಪ್ರಾಧಿಕಾರ ಈ ಸಾಲನ್ನು ಬಳಸಬೇಡಿ ಅಂದಿತು. ಇದನ್ನು ತರಗತಿಯಲ್ಲಿ ಆಡಿಯೇ ತೋರಿಸಬಹುದು. ಇಷ್ಟವಾದ ತಿಂಡಿಗಳನ್ನೆಲ್ಲ, ಎಷ್ಟು ಬೇಕಾದರೂ, ಬರೆಯಲು ಹೇಳಿ ಎಣಿಸಿ. ಇಡ್ಲಿ, ದೋಸೆ, ಪೂರಿ ಮೂರಕ್ಕೂ 80% ದಾಟುತ್ತದೆ. ಈಗ ಮೂರು ಹೋಟೆಲಿನವರು ಮೂರು ಬೋರ್ಡು ಹಾಕಲಿ. ಒಂದರಲ್ಲೂ ಸುಳ್ಳಿಲ್ಲ!

ಪಿಯುಸಿ ಮಕ್ಕಳಿಗೆ ಇನ್ನೂ ಹತ್ತಿರದ್ದು ಕೋಚಿಂಗ್ ಕೇಂದ್ರಗಳ ಟಾಪರ್ ಫೋಟೋ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಲವು ಯುಪಿಎಸ್‌ಸಿ ಕೋಚಿಂಗ್ ಸಂಸ್ಥೆಗಳಿಗೆ ದಂಡ ಹಾಕಿದೆ. ಜಾಹೀರಾತಿನಲ್ಲಿದ್ದ ಸಾಧಕರಲ್ಲಿ ಎಷ್ಟೋ ಮಂದಿ ಅಲ್ಲಿ ಪಡೆದದ್ದು ಕೊನೆಯ ಹಂತದ ಸಂದರ್ಶನ ಮಾರ್ಗದರ್ಶನವನ್ನು ಮಾತ್ರ, ಅದೂ ಉಚಿತವಾಗಿ. ಪಕ್ಕದಲ್ಲೇ ಲಕ್ಷಗಟ್ಟಲೆ ಫೀಸಿನ ಪೂರ್ಣ ಕೋರ್ಸಿನ ಜಾಹೀರಾತು. 2024ರ ನವೆಂಬರ್‌ನಲ್ಲಿ ಇದಕ್ಕೆಂದೇ ಮಾರ್ಗಸೂಚಿ ಬಂತು. ಈಗ ಫೋಟೋ ಹಾಕಲು ಆಯ್ಕೆಯಾದ ಮೇಲೆ ವಿದ್ಯಾರ್ಥಿಯ ಒಪ್ಪಿಗೆ ಬೇಕು, ಯಾವ ಕೋರ್ಸು, ಎಷ್ಟು ಅವಧಿ ಅಂತಲೂ ಬರೆಯಬೇಕು. ನಿಮ್ಮ ಊರಿನ ಫ್ಲೆಕ್ಸ್‌ಗಳಲ್ಲಿ ಇವೆಲ್ಲ ಇವೆಯೇ ಅಂತ ಮಕ್ಕಳೇ ನೋಡಿ ಬರಲಿ.

ಗುಂಪಲ್ಲಿ ಗೋವಿಂದ: ಎಲ್ಲರೂ ತಗೊಂಡಿದ್ದಾರೆ, ನೀವೊಬ್ಬರೇ ಬಾಕಿ. ‘ಕೋಟ್ಯಂತರ ಜನರ ನಂಬಿಕೆ’ ಇದ್ದಲ್ಲೆಲ್ಲ ಇದಿದೆ.

ಒಂದೇ ಜಾಹೀರಾತಿನಲ್ಲಿ ಮೂರು ನಾಲ್ಕು ವರಸೆ ಸೇರಿರುವುದು ಮಾಮೂಲು. ‘ಇದು ಯಾವುದಕ್ಕೆ ಸೇರುತ್ತದೆ’ ಅಂತ ಮಕ್ಕಳು ಜಗಳಕ್ಕೆ ಬಿದ್ದರೆ ತೀರ್ಪು ಕೊಡುವ ಗೋಜಿಗೆ ಹೋಗಬೇಡಿ. ಜಗಳದಲ್ಲಿ ಅವರು ಜಾಹೀರಾತನ್ನು ಇನ್ನಷ್ಟು ಹತ್ತಿರದಿಂದ ನೋಡುತ್ತಿರುತ್ತಾರೆ.

ಹೆಜ್ಜೆ 4: ಲೆಕ್ಕ ಮತ್ತು ಸಣ್ಣ ಅಕ್ಷರ

ಪೊಟ್ಟಣದ ಮುಂಭಾಗ ಜಾಹೀರಾತು, ಹಿಂಭಾಗ ಲೆಕ್ಕ. ಮಕ್ಕಳು ಹಾಲಿಗೆ ಹಾಕಿ ಕುಡಿಯುವ ಪುಡಿಯ ಡಬ್ಬ ತರಲಿ. 100 ಗ್ರಾಂನಲ್ಲಿ 30 ಗ್ರಾಂ ಸಕ್ಕರೆ, ಒಂದು ಸಲದ ಅಳತೆ 20 ಗ್ರಾಂ ಅಂತ ಇದೆ ಅಂದುಕೊಳ್ಳಿ. ಒಂದು ಲೋಟಕ್ಕೆ 6 ಗ್ರಾಂ ಆಯಿತು. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ಅಂದರೆ ಲೋಟಕ್ಕೆ ಒಂದೂವರೆ ಚಮಚ, ದಿನಕ್ಕೆ ಎರಡು ಲೋಟವಾದರೆ ಮೂರು ಚಮಚ. ಮನೆಯಲ್ಲಿ ಮೇಲಿಂದ ಹಾಕುವ ಸಕ್ಕರೆ ಬೇರೆ. ನಿಜವಾದ ಡಬ್ಬದ ಅಂಕಿ ಇಟ್ಟು ಮಕ್ಕಳೇ ಲೆಕ್ಕ ಮಾಡಲಿ. ಆಮೇಲೆ ಒಂದು ಸುದ್ದಿ ಹೇಳಿ: 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಬೋರ್ನ್‌ವೀಟಾ ಸೇರಿ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯಿರಿ ಅಂತ ಆನ್‌ಲೈನ್ ಮಳಿಗೆಗಳಿಗೆ ಸೂಚಿಸಿತು. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಅನ್ನುವುದಕ್ಕೆ ವ್ಯಾಖ್ಯೆಯೇ ಇಲ್ಲ.

999 ರೂಪಾಯಿಯ ಆಟ ಎಲ್ಲರಿಗೂ ಗೊತ್ತು. ‘ಬಾಟಾ ರೇಟು’ ಅಂತ ಹೇಳಿ ಮುಂದೆ ಹೋಗಿ.

ಸಣ್ಣ ಅಕ್ಷರಕ್ಕೆ ಒಂದು ಸ್ಕೇಲು, ಒಂದು ಭೂತಗನ್ನಡಿ ಸಾಕು. ದೊಡ್ಡ ಅಕ್ಷರ ಎಷ್ಟು ಮಿಲಿಮೀಟರ್, ಷರತ್ತು ಎಷ್ಟು ಮಿಲಿಮೀಟರ್ ಅಂತ ಅಳೆಯಲಿ. ಟಿವಿ ಆದರೆ ಷರತ್ತು ಎಷ್ಟು ಸೆಕೆಂಡ್ ನಿಂತಿತು ಅಂತ ಎಣಿಸಲಿ. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯ ಎಚ್ಚರಿಕೆಯನ್ನು ಅದೇ ವೇಗದಲ್ಲಿ ಓದುವ ಸ್ಪರ್ಧೆ ಇಟ್ಟರೆ ತರಗತಿಗೆ ಮಜಾ.

ಕನ್ನಡ ಮಾಧ್ಯಮದ ಮಕ್ಕಳು ತಿಳಿದಿರಲೇಬೇಕಾದ ನಿಯಮ ಒಂದಿದೆ. 2022ರ ಜೂನ್‌ನಲ್ಲಿ ಬಂದ ದಾರಿತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿ ಪ್ರಕಾರ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಮೇಲೆ ದೊಡ್ಡದಾಗಿ ಕನ್ನಡ, ಕೆಳಗೆ ಚಿಕ್ಕದಾಗಿ ಇಂಗ್ಲಿಷ್ ಷರತ್ತು ಇರುವ ಜಾಹೀರಾತು ಎಷ್ಟು ಸಿಗುತ್ತವೆ, ಹುಡುಕಿಸಿ.

ಅಕ್ಷರದ ಗಾತ್ರ ಎಷ್ಟು ಮುಖ್ಯ ಅಂತ ಸುಪ್ರೀಂ ಕೋರ್ಟಿನಲ್ಲೇ ಮಾತು ಬಂದಿದೆ. 2024ರಲ್ಲಿ ಪತಂಜಲಿ ಕಂಪನಿಯ ದಾರಿತಪ್ಪಿಸುವ ಔಷಧಿ ಜಾಹೀರಾತುಗಳ ಪ್ರಕರಣ ನಡೆಯುವಾಗ, ಪತ್ರಿಕೆಗಳಲ್ಲಿ ಕ್ಷಮಾಪಣೆ ಹಾಕಿದ್ದೇವೆ ಅಂತ ಕಂಪನಿ ಹೇಳಿತು. ನಿಮ್ಮ ಜಾಹೀರಾತುಗಳಷ್ಟೇ ದೊಡ್ಡದಾಗಿತ್ತೇ ಎಂದು ಪೀಠ ಕೇಳಿತು. ಪತ್ರಿಕೆಯ ತುಣುಕನ್ನೇ ಕತ್ತರಿಸಿ ತನ್ನಿ, ದೊಡ್ಡದು ಮಾಡಿದ ಜೆರಾಕ್ಸ್ ಬೇಡ ಅಂದಿತು. ಮರುದಿನ ಇನ್ನೂ ದೊಡ್ಡ ಕ್ಷಮಾಪಣೆ ಅಚ್ಚಾಯಿತು.

ಹೆಜ್ಜೆ 5: ಫೋನಿನೊಳಗೆ

ಇಲ್ಲಿ ಮಕ್ಕಳಿಗೆ ನಮಗಿಂತ ಜಾಸ್ತಿ ಗೊತ್ತು, ಅವರಿಂದಲೇ ಹೇಳಿಸಿ. ರೀಲ್ಸ್‌ನಲ್ಲಿ ‘ನಾನು ದಿನಾ ಇದನ್ನೇ ಬಳಸೋದು ಫ್ರೆಂಡ್ಸ್’ ಅನ್ನುವವರು ಕಾಸು ಪಡೆದಿದ್ದರೆ ‘ಜಾಹೀರಾತು’, ‘ಪ್ರಾಯೋಜಿತ’ ಅಂತ ಎದ್ದು ಕಾಣುವಂತೆ ತಿಳಿಸಬೇಕು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರ ಇಲಾಖೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಮಕ್ಕಳು ತಾವು ಫಾಲೋ ಮಾಡುವ ಒಬ್ಬರ ಇತ್ತೀಚಿನ ಪೋಸ್ಟುಗಳನ್ನು ತೆಗೆದು ಎಷ್ಟರಲ್ಲಿ ಹಾಗಿದೆ, ಎಷ್ಟರಲ್ಲಿ ಇರಬೇಕಿತ್ತು ಅನಿಸುತ್ತದೆ ಅಂತ ಗುರುತಿಸಲಿ.

ಆ್ಯಪ್‌ಗಳಲ್ಲಿ ಮಾತಿನ ಜೊತೆ ಬಟನ್ ಕೂಡ ಮನವೊಲಿಸುತ್ತದೆ. ‘ಎರಡೇ ಉಳಿದಿವೆ’ ಅನ್ನುವ ಕೆಂಪು ಅಕ್ಷರ, ಹಿಮ್ಮುಖ ಓಡುವ ಗಡಿಯಾರ, ಕೇಳದೆ ಬಿಲ್ಲಿಗೆ ಸೇರಿದ ಐದು ರೂಪಾಯಿ ದಾನ, ಬೇಡ ಅನ್ನಲು ‘ನನಗೆ ಹಣ ಉಳಿಸುವುದು ಇಷ್ಟವಿಲ್ಲ’ ಅಂತಲೇ ಒತ್ತಬೇಕಾದ ಬಟನ್. ಇಂಥ 13 ಬಗೆಯ ವಂಚನೆಯ ವಿನ್ಯಾಸಗಳನ್ನು 2023ರ ನವೆಂಬರ್‌ನಲ್ಲಿ ಸರ್ಕಾರ ಪಟ್ಟಿ ಮಾಡಿ ನಿಷೇಧಿಸಿತು. ಸ್ಕ್ರೀನ್‌ಶಾಟ್ ಹಿಡಿದು ಒಂದೊಂದನ್ನೂ ಬೇಟೆಯಾಡುವುದು ಮಕ್ಕಳಿಗೆ ತುಂಬಾ ಇಷ್ಟ. ಫೋನ್ ಇಲ್ಲದ ಮಕ್ಕಳು ಗುಂಪಿನಲ್ಲಿ ಬರೆದುಕೊಳ್ಳುವ ಕೆಲಸ ಮಾಡಲಿ. ಫೋನ್ ತನ್ನಿ ಅಂತ ಯಾರನ್ನೂ ಒತ್ತಾಯಿಸಬೇಡಿ.

ಹೆಜ್ಜೆ 6: ಅಂಗಡಿಯಿಂದ ರಾಜಕೀಯಕ್ಕೆ

ಈ ದಾಟುವಿಕೆಗೆ ಒಂದು ಒಳ್ಳೆಯ ಕಥೆ ಇದೆ. ಎಡ್ವರ್ಡ್ ಬರ್ನೇಸ್ ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರದ ಪ್ರಚಾರ ಸಮಿತಿಗೆ ಕೆಲಸ ಮಾಡಿದವರು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆಯನ್ನು ಕಂಪನಿಗಳಿಗೆ ತಂದರು. ಆಗ ಹೆಂಗಸರು ಬೀದಿಯಲ್ಲಿ ಸಿಗರೇಟ್ ಸೇದುವುದನ್ನು ಸಮಾಜ ಒಪ್ಪುತ್ತಿರಲಿಲ್ಲ. ತಂಬಾಕು ಕಂಪನಿಗೆ ಅರ್ಧ ಮಾರುಕಟ್ಟೆಯೇ ಮುಚ್ಚಿದಂತಿತ್ತು. 1929ರ ಈಸ್ಟರ್ ಭಾನುವಾರ ನ್ಯೂಯಾರ್ಕ್‌ನ ಮೆರವಣಿಗೆಯಲ್ಲಿ ಕೆಲವು ಯುವತಿಯರು ಸಿಗರೇಟ್ ಹಚ್ಚುವಂತೆ ಬರ್ನೇಸ್ ಏರ್ಪಾಡು ಮಾಡಿದರು. ಪತ್ರಿಕೆಯವರಿಗೆ ಮೊದಲೇ ಸುಳಿವು ಹೋಗಿತ್ತು. ಸಿಗರೇಟಿಗೆ ‘ಸ್ವಾತಂತ್ರ್ಯದ ಪಂಜು’ ಎಂಬ ಹೆಸರು. ಮರುದಿನ ಅದು ಸುದ್ದಿಯಾಗಿ ಬಂತು. ಅದರ ಹಿಂದೆ ತಂಬಾಕು ಕಂಪನಿ ಇದೆ ಅಂತ ಓದುಗರಿಗೆ ಕಾಣಲಿಲ್ಲ.

ಹೇಳಿದ ಮೇಲೆ ಕೇಳಿ: ಇದು ಜಾಹೀರಾತೋ, ಸುದ್ದಿಯೋ, ಚಳವಳಿಯೋ? ಮಾತಾಡುತ್ತಿರುವವರು ಯಾರು ಅಂತ ಮಾಮೂಲಿ ಜಾಹೀರಾತಿನ ಮೇಲೆ ಬರೆದಿರುತ್ತದೆ. ಆ ಸಹಿಯನ್ನು ಮುಚ್ಚಿದಾಗ ಅದು ಇನ್ನೊಂದು ಬಗೆಯ ಆಟ. ಮಕ್ಕಳು ಇವತ್ತಿನ ಪತ್ರಿಕೆ ತೆಗೆದು, ಸುದ್ದಿಯ ವೇಷದಲ್ಲಿದ್ದೂ ಮೂಲೆಯಲ್ಲಿ ‘ಜಾಹೀರಾತು’ ಅಂತ ಚಿಕ್ಕದಾಗಿ ಬರೆದ ಬರಹಗಳನ್ನು ಹುಡುಕಲಿ. ವಾಟ್ಸ್ಆ್ಯಪ್ ಫಾರ್ವರ್ಡ್‌ಗಳಿಗೂ ಮೊದಲ ಪ್ರಶ್ನೆ ಇದೇ: ಸಹಿ ಎಲ್ಲಿ?

ಆಮೇಲೆ ಘೋಷಣೆಗಳು. ಇಲ್ಲಿ ಮೇಷ್ಟ್ರ ಕುರ್ಚಿಯ ಕೆಳಗೇ ಬೆಂಕಿ ಇದೆ, ಗೊತ್ತಿರಲಿ. ಈಗಿನ ಚುನಾವಣೆಯ ಉದಾಹರಣೆ ಬೇಡ, ಹಳೆಯದು ತನ್ನಿ. ಒಂದು ಪಕ್ಷದ್ದು ತಂದರೆ ಇನ್ನೊಂದರದ್ದೂ ಇರಲಿ. 1971ರ ಇಂದಿರಾ ಗಾಂಧಿಯವರ ‘ಗರೀಬಿ ಹಟಾವೋ’, 2004ರ ಚುನಾವಣೆಯ ಹೊತ್ತಿನ ವಾಜಪೇಯಿ ಸರ್ಕಾರದ ‘ಇಂಡಿಯಾ ಶೈನಿಂಗ್’. ಎರಡೂ ಬಣ್ಣದ ಮಾತೇ. ಒಂದು ಗೆದ್ದಿತು, ಒಂದು ಸೋತಿತು. ಎರಡನ್ನೂ ಎರಡು ಕಾಲಂನಲ್ಲಿ ಬರೆಯಿಸಿ. ಕೇಳಿಸಿದ್ದು ಬೇಸಾಯ ಮಾಡುವವರಿಗೆ ಒಂದು, ನಗರದ ನೌಕರರಿಗೆ ಇನ್ನೊಂದು ಆಗಿರಬಹುದು. ‘ನಿಮ್ಮ ಮನೆಯವರು ಯಾರಿಗೆ ಓಟು ಹಾಕುತ್ತಾರೆ’ ಅನ್ನುವ ಕಡೆಗೆ ಮಾತು ಹೊರಳಿದರೆ ಅಲ್ಲಿಗೇ ನಿಲ್ಲಿಸಿ.

ಹೆಜ್ಜೆ 7: ಒಂದೂ ಸುಳ್ಳು ಹೇಳದೆ ದಾರಿ ತಪ್ಪಿಸಿ

ಪಾಠ ತಲೆಗೆ ಹತ್ತುವುದು ಇಲ್ಲಿ. ಪ್ರತಿ ಗುಂಪಿಗೆ ಒಂದು ಸಪ್ಪೆ ವಸ್ತು ಕೊಡಿ: ನಲ್ಲಿ ನೀರು, ಸೀಮೆಸುಣ್ಣ, ಹಳೆ ನ್ಯೂಸ್‌ಪೇಪರ್, ತೂತಾದ ಛತ್ರಿ. ಎರಡು ಜಾಹೀರಾತು ಮಾಡಬೇಕು. ಮೊದಲನೆಯದರಲ್ಲಿ ಪ್ರತಿ ವಾಕ್ಯವೂ ನಿಜ ಇರಬೇಕು, ಆದರೂ ಓದಿದವರಿಗೆ ತಪ್ಪು ಕೇಳಿಸಬೇಕು. ನಲ್ಲಿ ನೀರಿಗೆ ಹೀಗಾಗಬಹುದು: ‘ಕೊಬ್ಬು ಇಲ್ಲ. ಸಕ್ಕರೆ ಇಲ್ಲ. ಕೊಲೆಸ್ಟ್ರಾಲ್ ಇಲ್ಲ. ಒಲಿಂಪಿಕ್ ಚಿನ್ನ ಗೆದ್ದ ಪ್ರತಿಯೊಬ್ಬರೂ ಕುಡಿದದ್ದು ನೀರು. ನೀವು?’

ಎರಡನೆಯದು ಪ್ರಾಮಾಣಿಕವಾಗಿರಬೇಕು, ಕೊಳ್ಳಬೇಕು ಅಂತಲೂ ಅನಿಸಬೇಕು. ಇದು ತುಂಬಾ ಕಷ್ಟ. ಮಕ್ಕಳು ಒದ್ದಾಡುತ್ತಾರೆ. ‘ಸರ್, ಎರಡು ಜಾಹೀರಾತೂ ಒಂದೇ ಥರ ಆಗ್ತಿದೆ’ ಅಂತ ಬರುತ್ತಾರೆ. ಒದ್ದಾಡಲು ಬಿಡಿ. ತೂತಾದ ಛತ್ರಿಗೆ ‘ಮಳೆಗೆ ಬೇಡ, ಬಿಸಿಲಿಗೆ ಸಾಕು, ಅರ್ಧ ಬೆಲೆ’ ಅಂತ ಬರೆದ ಗುಂಪಿಗೆ ವಿಷಯ ಅರ್ಥವಾಗಿದೆ.

ಮುಗಿದ ಮೇಲೆ ಗುಂಪುಗಳು ಕಾಗದ ಬದಲಿಸಿಕೊಂಡು ಒಬ್ಬರ ಜಾಹೀರಾತನ್ನು ಇನ್ನೊಬ್ಬರು ಎರಡು ಕಾಲಂನಲ್ಲಿ ಬಿಡಿಸಲಿ.

ಹೆಜ್ಜೆ 8: ದೂರು

ಹುಡುಕಿದ್ದರಲ್ಲಿ ನಿಜಕ್ಕೂ ದಾರಿ ತಪ್ಪಿಸುವಂಥದ್ದು ಇದ್ದರೆ ಅಲ್ಲಿಗೇ ಬಿಡಬೇಡಿ. 1985ರಲ್ಲಿ ಉದ್ಯಮದವರೇ ಕಟ್ಟಿಕೊಂಡ ಭಾರತೀಯ ಜಾಹೀರಾತು ಮಾನದಂಡ ಮಂಡಳಿ (ಎಎಸ್‌ಸಿಐ) ಮುಂಬೈಯಲ್ಲಿದೆ. ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹೊಗಳಿದ ತಾರೆಯರನ್ನೂ ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷ ಜಾಹೀರಾತಿನಿಂದ ದೂರ ಇಡಬಹುದು. ಈ ‘ವರೆಗೆ’ ಕೂಡ ನುಣುಚು ಪದವೇ ಅಂತ ಯಾವುದಾದರೂ ಮಗು ಕೇಳಿದರೆ ಬೆನ್ನು ತಟ್ಟಿ.

ದೂರಿನಲ್ಲಿ ನಾಲ್ಕು ಸಂಗತಿ ಇರಲಿ: ಜಾಹೀರಾತು ಎಲ್ಲಿ, ಯಾವಾಗ ಕಂಡಿತು, ಅದರ ಫೋಟೋ, ಅದು ಹೇಳಿದ ಮಾತು ಯಥಾವತ್ತಾಗಿ, ಅದು ಯಾಕೆ ತಪ್ಪು ಅನ್ನುವುದಕ್ಕೆ ಕಾರಣ. ಸಿಟ್ಟು, ಬೈಗುಳ ಬೇಡ. ಕನ್ನಡ ಪಠ್ಯದಲ್ಲಿ ಪತ್ರಲೇಖನ ಹೇಗೂ ಇದೆ. ಪ್ರವಾಸಕ್ಕೆ ಹಣ ಕಳಿಸಿ ಅಂತ ಅಪ್ಪನಿಗೆ ಬರೆಸುವ ಬದಲು ಇದನ್ನು ಬರೆಸಿ. ಮುಖ್ಯೋಪಾಧ್ಯಾಯರಿಗೆ ತೋರಿಸಿ, ದೊಡ್ಡವರೊಬ್ಬರ ಹೆಸರಿನಲ್ಲೇ ಕಳಿಸಿ. ಮಕ್ಕಳ ಹೆಸರು, ವಿಳಾಸ ಹಾಕಬೇಡಿ.

ಅಂಕ ಕೊಡುವುದು ಹೇಗೆ

ಏಳು ವರಸೆಗಳ ಹೆಸರು ಬರೆಯಿರಿ ಅಂತ ಪ್ರಶ್ನೆ ಕೊಟ್ಟರೆ ಇಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಬದಲಿಗೆ ಮಕ್ಕಳು ಹಿಂದೆ ನೋಡಿರದ ಎರಡು ಜಾಹೀರಾತು ಕೊಡಿ. 20 ಅಂಕದಲ್ಲಿ ಹೇಳಿದ್ದು ಮತ್ತು ಕೇಳಿಸಿದ್ದು ಬಿಡಿಸಿದ್ದಕ್ಕೆ 8, ಬಿಟ್ಟುಹೋದ ಮಾಹಿತಿ ಯಾವುದು ಅಂತ ಊಹಿಸಿದ್ದಕ್ಕೆ 6, ಅದನ್ನು ಎಲ್ಲಿ ಪರೀಕ್ಷಿಸಬಹುದು ಅಂತ ಹೇಳಿದ್ದಕ್ಕೆ 4, ವರಸೆಯ ಹೆಸರಿಗೆ 2.

ಎರಡರಲ್ಲಿ ಒಂದು ಜಾಹೀರಾತು ನೇರವಾಗಿರಲಿ. ಬೆಲೆ, ತೂಕ, ವಿಳಾಸ, ಏನು ಸಿಗುತ್ತದೆ ಅನ್ನುವುದಷ್ಟೇ ಇರುವ ಊರಿನ ಹಿಟ್ಟಿನ ಗಿರಣಿಯ ಕರಪತ್ರ ಆದೀತು. ಪಾಠ ಕೇಳಿ ಉತ್ಸಾಹಕ್ಕೆ ಬಿದ್ದ ಮಕ್ಕಳು ಅದರಲ್ಲೂ ನಾಲ್ಕು ಕುತಂತ್ರ ಕಂಡುಹಿಡಿಯುತ್ತಾರೆ, ಅಂಥ ಉತ್ತರಕ್ಕೆ ಅಂಕ ಕಳೆಯಿರಿ. ‘ಇದರಲ್ಲಿ ಹೇಳಿದ್ದೂ ಕೇಳಿಸಿದ್ದೂ ಒಂದೇ’ ಅಂತ ಕಾರಣ ಕೊಟ್ಟು ಬರೆದವರಿಗೆ ಪೂರ್ತಿ ಅಂಕ.